ಕಣ್ಣಿಗೆ ಬಣ್ಣ ಹಚ್ಚುವ ನೌಕರಿ

ನಮ್ಮ ನಾದಿನಿಗೆ ಮನುಷ್ಯರು ಕಾಣುವುದಿಲ್ಲ. ಬರೀ ಕಣ್ಣು ಕಾಣುತ್ತವೆ! ನೀವು ಹೊಸ ಸೀರೆ ಉಟ್ಟು, ಕಿವಿಗೆ ಝುಮಕಿ ಹಾಕಿಕೊಂಡು ಅವಳ ಮುಂದೆ ಅರ್ಧ ಗಂಟೆ ಓಡಾಡಿರಿ. ಆಮೇಲೆ ಸೀರೆಯ ಬಣ್ಣ ಕೇಳಿದರೆ ತಬ್ಬಿಬ್ಬಾಗುತ್ತಾಳೆ. ಆದರೆ ನಿಮ್ಮ ಎಡಗಣ್ಣಿನ ಪಾಪೆಯ ಸುತ್ತ ಹಳದಿ ಗೆರೆ ಇದೆಯೋ ಇಲ್ಲವೋ, ಬಲಗಣ್ಣಿನ ಮೂಲೆಯಲ್ಲಿ ಕೆಂಪು ನರ ಯಾವ ಕಡೆಗೆ ಹರಿದಿದೆ ಎಂಬುದನ್ನು ಹತ್ತು ವರ್ಷ ಬಿಟ್ಟು ಕೇಳಿದರೂ ಹೇಳುತ್ತಾಳೆ. ಇಂಥವಳ ಜೊತೆ ಒಂದೇ ಮನೆಯಲ್ಲಿ ಬಾಳುವೆ ಮಾಡಿದ ನನಗೆ ಯಾರಾದರೂ ಶಾಲು ಹೊದಿಸಿ ಸನ್ಮಾನ ಮಾಡಬೇಕಿತ್ತು. ಇನ್ನೂ ಯಾರೂ ಮಾಡಿಲ್ಲ.

ನಾನು ಅವಳನ್ನು ಮೊದಲು ಕಂಡದ್ದು ತೊಂಬತ್ತರ ದಶಕದ ನಡುವೆ, ಸವದತ್ತಿಯ ನನ್ನ ತವರುಮನೆಯಲ್ಲಿ. ಬೈಲಹೊಂಗಲದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅತ್ತೆಯಾಗುವವರು ಅಡುಗೆ ಬರುತ್ತದೆಯೇ ಎಂದು ಕೇಳಿದರು, ಗಂಡು ಏನೂ ಕೇಳದೆ ಉಪ್ಪಿಟ್ಟು ತಿಂದರು. ಗಂಡಿನ ತಂಗಿ ಮಾತ್ರ ಎದ್ದು ಬಂದು ನನ್ನ ಗದ್ದ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವ್ವಾ, ಹುಣಸಿ ಬೀಜದ ಬಣ್ಣಾ ಐತಿ!" ನನ್ನ ತಾಯಿ ನನ್ನ ಮೈಬಣ್ಣಕ್ಕೇ ಹೇಳಿದಳೆಂದು ತಿಳಿದು, "ಬಿಸಿಲಾಗ ಅಡ್ಡ್ಯಾಡತಾಳ್ರಿ, ಅದಕ್ಕ ಹಂಗ ಆಗ್ಯಾಳ" ಎಂದು ಸಮಜಾಯಿಷಿ ಕೊಡತೊಡಗಿದಳು. ಈ ಸಂಬಂಧ ಮುರಿಯಿತು ಎಂದು ನಾನು ಒಳಗೆ ಹೋಗಿ ಅತ್ತೂ ಬಂದೆ. ಅವಳು ನನ್ನ ಕಣ್ಣನ್ನು ಹೊಗಳಿದ್ದಳಂತೆ! ಅದು ಗೊತ್ತಾಗಲು ಮದುವೆಯೇ ಆಗಬೇಕಾಯಿತು.

ಅವಳ ಲೆಕ್ಕದಲ್ಲಿ ಲೋಕದ ಕಣ್ಣುಗಳೆಲ್ಲ ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿ ಇದ್ದವು. ಕೆಲವರದು ಹುಣಸೆ ಬೀಜ, ಕೆಲವರದು ಬೆಲ್ಲ, ತೀರ ಕಪ್ಪಾದರೆ ಗುರೆಳ್ಳು. ಇಂಥ ಹುಡುಗಿಯನ್ನು ನೋಡಲೂ ಗಂಡುಗಳು ಬರಬೇಕಲ್ಲ, ಬಂದರು. ರಾಮದುರ್ಗದಿಂದ ಬಂದ ಒಬ್ಬ ಹುಡುಗ ಚೊಲೋ ನೌಕರಿಯಲ್ಲಿದ್ದ, ನಾಚಿಕೆಯವನು. ಇವಳು ಚಹಾದ ತಾಟು ಹಿಡಿದು ಬಂದವಳು ಅವನೆದುರು ಕುಳಿತು, ಹುಬ್ಬು ಗಂಟಿಕ್ಕಿ, ಕಣ್ಣು ಮಿಟುಕಿಸದೆ ನೋಡತೊಡಗಿದಳು. ಹುಡುಗನ ಹಣೆಯಲ್ಲಿ ಬೆವರು. ನಾನು ಹಿಂದಿನಿಂದ ಚಿವುಟಿದೆ. ಪ್ರಯೋಜನವಾಗಲಿಲ್ಲ.

"ನಿಮ್ಮ ಎರಡೂ ಕಣ್ಣು ಒಂದ ಬಣ್ಣಾ ಇಲ್ಲಲ್ಲರಿ. ಹುಟ್ಟಿದಾಗಿಂದ ಹಿಂಗ ಐತೇನು?" ಎಂದು ಕೇಳಿಯೇ ಬಿಟ್ಟಳು.

ಹುಡುಗನ ತಾಯಿ ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತರು. "ನಾವು ಕನ್ಯಾ ನೋಡಾಕ ಬಂದಿದ್ವಿ. ನೀವು ನಮ್ಮ ಹುಡುಗನ್ನ ಪಾಸು-ನಪಾಸು ಮಾಡಿ ಕಳಸಾಕತ್ತೀರಿ!" ಎಂದರು. ಮುಂದಿನ ಬಸ್ಸಿಗೇ ಅವರು ರಾಮದುರ್ಗಕ್ಕೆ ಹೊರಟರು. ಹುಡುಗ ಮಾತ್ರ ಬಾಗಿಲಲ್ಲಿ ನಿಂತು ನಮ್ಮ ಕನ್ನಡಿಯಲ್ಲಿ ಒಮ್ಮೆ ಕಣ್ಣು ನೋಡಿಕೊಂಡು ಹೋದ, ಪಾಪ.

ಓಣಿಯಲ್ಲಿ ಇವಳು ಬಂದಳೆಂದರೆ ಬಾಣಂತಿಯರು ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುತ್ತಿದ್ದರು. ಇನ್ನು ಮಣ್ಣೆತ್ತಿನ ಅಮಾವಾಸ್ಯೆಯ ಕಥೆ ಕೇಳಿ. ಎಲ್ಲರ ಮನೆಯಲ್ಲೂ ಮಣ್ಣಿನ ಎತ್ತಿಗೆ ಎರಡು ಜೋಳದ ಕಾಳು ಒತ್ತಿದರೆ ಕಣ್ಣಾಯಿತು. ನಮ್ಮವಳು ಎರಡು ಕೂದಲಿನ ಕುಂಚ ಹಿಡಿದು ಎರಡು ದಿನ ಕುಳಿತು ಬರೆದಳು. ಪೂಜೆಗೆ ಬಂದ ಪಕ್ಕದ ಮನೆಯ ಯಜಮಾನರು ದೇವರ ಜಗಲಿಯ ಮೇಲಿನ ಜೋಡೆತ್ತನ್ನು ನೋಡುತ್ತ ನೋಡುತ್ತ ಗಂಭೀರರಾದರು.

"ಈ ಬಲಗಡಿ ಎತ್ತು ನಮ್ಮದೈತಿ. ನೋಡ್ರಿ, ಹಂಗ ನೋಡತೈತಿ ನನ್ನ. ನಿಮ್ಮ ಮನ್ಯಾಗ ಯಾಕ ಪೂಜಿ ಆಗಾಕತ್ತೈತಿ?"

ಎಷ್ಟು ಹೇಳಿದರೂ ಕೇಳದೆ ಅದನ್ನು ಎತ್ತಿಕೊಂಡೇ ಹೋದರು! ಆ ವರ್ಷ ನಮ್ಮ ಮನೆಯಲ್ಲಿ ಒಂಟಿ ಎತ್ತಿಗೆ ನೈವೇದ್ಯವಾಯಿತು.

ನಗುವುದು ಸುಲಭ. ಆದರೆ ಆ ಹುಡುಗಿಯ ಮುಂದಿನ ಗತಿ ಏನು ಎಂಬುದು ಮನೆಯವರೆಲ್ಲರ ಚಿಂತೆಯಾಗಿತ್ತು. ನಮ್ಮ ಮಾವನಿಗೆ ಮಗಳು ಡಾಕ್ಟರ್ ಆಗಬೇಕಿತ್ತು; ಸೀಟು ಸ್ವಲ್ಪದರಲ್ಲಿ ತಪ್ಪಿತು. ಶಾಲೆಯ ಡ್ರಾಯಿಂಗ್ ಮಾಸ್ತರರಿಗೆ ಅವಳು ಧಾರವಾಡಕ್ಕೆ ಹೋಗಿ ಚಿತ್ರಕಲೆ ಕಲಿಯಬೇಕಿತ್ತು. ಅದಕ್ಕೆ ಮಾವ ಒಪ್ಪಲಿಲ್ಲ. ಕಡೆಗೆ ಊರ ಕಾಲೇಜಿನಲ್ಲೇ ಬಿ.ಎಸ್ಸಿ. ಮಾಡಿದಳು. ಉಳಿದವರು ಕಪ್ಪೆ ಕೊಯ್ಯುತ್ತಿದ್ದರೆ ಇವಳು ಅದರ ಕಣ್ಣು ಬರೆಯುತ್ತಾ ಕೂರುತ್ತಿದ್ದಳಂತೆ.

ಹೀಗಿರುವಾಗ ಊರ ಶಾಲೆಯಲ್ಲಿ ಕಣ್ಣಿನ ಶಿಬಿರ ಬಂತು. ಹೆಸರು ಬರೆದುಕೊಳ್ಳಲು ಹುಡುಗಿಯರು ಬೇಕೆಂದು ಇವಳೂ ಹೋದಳು. ಅಲ್ಲಿಗೆ ಹೂಲಿಯ ಕಡೆಯ ಒಬ್ಬ ರೈತ ಬಂದಿದ್ದ. ಕಬ್ಬಿನ ಒಣ ಗರಿ ಹೊಡೆದು ಹಿಂದೆಯೇ ಒಂದು ಕಣ್ಣು ಕಳೆದುಕೊಂಡಿದ್ದನಂತೆ. ಅವನಿಗೆ ಡಬ್ಬಿಯಿಂದ ಒಂದು ರೆಡಿಮೇಡ್ ಪ್ಲಾಸ್ಟಿಕ್ ಕಣ್ಣು ತೆಗೆದು ಕೂಡಿಸಿದರು. ಅದೋ ಬೂದು ಬಣ್ಣದ್ದು. ಅವನ ಮಗಳು ಅಪ್ಪನನ್ನು ನೋಡಿ ಚೀರಿಕೊಂಡು ಓಡಿದಳು. ನಮ್ಮ ನಾದಿನಿ ನೇರ ಡಾಕ್ಟರ ಮುಂದೆ ಹೋಗಿ ನಿಂತಳು.

"ಡಾಕ್ಟರ್ರ, ಆ ಕಣ್ಣು ಅವರದ್ದಲ್ಲ."

"ಅದು ಯಾರದೂ ಅಲ್ಲವ್ವಾ. ಪ್ಲಾಸ್ಟಿಕ್."

"ಅವರದು ಹುಣಸಿ ಬೀಜದ ಬಣ್ಣಾರಿ. ಸುತ್ತಲೂ ಸಣ್ಣ ಗೆರಿ ಅದಾವು. ಬರದು ತೋರಸ್ಲೇನು?"

ಬರೆದೂ ತೋರಿಸಿದಳು. ಡಾಕ್ಟರು ಬಹಳ ಹೊತ್ತು ನೋಡಿದರಂತೆ. ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಇದನ್ನೇ ಕಲಿಸಿ ನೌಕರಿ ಕೊಡುತ್ತಾರೆ, ಇರುವ ಕಣ್ಣನ್ನು ನೋಡಿ ಇಲ್ಲದ ಕಣ್ಣಿಗೆ ಬಣ್ಣ ಬರೆಯಬೇಕು, ಅದಕ್ಕೆ ವಿಜ್ಞಾನ ಓದಿದವರೂ ಬೇಕು, ಕುಂಚ ಹಿಡಿದವರೂ ಬೇಕು, ಎರಡೂ ಒಬ್ಬರಲ್ಲೇ ಸಿಗುವುದಿಲ್ಲ ಎಂದರು. ಅಂಗಿಯ ಗುಂಡಿಯಷ್ಟಿದ್ದ ಆರು ಬಿಳಿಯ ಬಿಲ್ಲೆಗಳನ್ನು ಕೊಟ್ಟರು. "ಒಂದು ತಿಂಗಳಿಗೆ ಮತ್ತ ಬರತೇನಿ. ಯಾರದಾದರೂ ಕಣ್ಣು ಇದರ ಮ್ಯಾಲ ಬರದು, ಆ ಮನುಷ್ಯಾನ್ನೂ ಕರಕೊಂಡು ಬಾ. ಹೊಂದಿದರ ಆ ಆಸ್ಪತ್ರಿಗೆ ಪತ್ರಾ ಕೊಡತೇನಿ" ಎಂದರು.

ಆ ತಿಂಗಳು ನಾವು ಪಟ್ಟ ಪಾಡು ಯಾರಿಗೂ ಬೇಡ! ಅವಳ ಉಗುರೆಲ್ಲ ಹಲ್ಲುಗಳಿಗೆ ಆಹಾರವಾದವು. "ವೈನಿ, ಹೋಗಲ್ಯೋ ಬ್ಯಾಡೋ?" ಎಂದು ಮುಂಜಾನೆ ನನ್ನನ್ನು ಕೇಳುವಳು, ಮಧ್ಯಾಹ್ನ ಹಿಟ್ಟಿನ ಗಿರಣಿಯವನನ್ನು ಕೇಳುವಳು, ಸಂಜೆ ಹಿಂಡುವಾಗ ಎಮ್ಮೆಯನ್ನೂ ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಒಮ್ಮೆ ತಮಾಷೆ ಮಾಡಹೋದೆ. ಅವಳು ಅತ್ತೇಬಿಟ್ಟಳು.

"ಹಾಳಿ ಮ್ಯಾಲಿನ ಚಿತ್ರಾ ಕೆಟ್ರ ಹರದು ಒಗೀಬಹುದು ವೈನಿ. ಮಂದಿ ಮಾರಿಯೊಳಗಿಂದು ಕೆಟ್ರ? ನನ್ನ ತಪ್ಪು ಇಟಗೊಂಡು ಅವರು ಸಾಯೂತನಾ ತಿರುಗಬೇಕಲ್ಲ?"

ನನ್ನ ನಗು ಅಲ್ಲೇ ನಿಂತಿತು. ಆಮೇಲೆ ನಾನೂ ಉಗುರು ಕಚ್ಚತೊಡಗಿದೆ.

ಮಾವನನ್ನು ಕಂಡರೆ ನಮಗಿದ್ದ ಅಂಜಿಕೆ ಇದಕ್ಕಿಂತ ದೊಡ್ಡದು. ನಮ್ಮ ಮಾವನಿಗೆ ಒಂದೇ ಕಣ್ಣು. ಮಗಳು ಹುಟ್ಟುವ ಮೊದಲೇ ಎತ್ತು ಹಾಯ್ದು ಬಲಗಣ್ಣು ಹೋಗಿತ್ತು. ಯಾವಾಗಲೂ ಕರಿ ಕನ್ನಡಕ. ಅವರು ಪಡಸಾಲೆಗೆ ಬಂದರೆ ರೇಡಿಯೋ ತಾನಾಗಿಯೇ ಸಣ್ಣದಾಗುತ್ತಿತ್ತೋ ಏನೋ! ಯಾರೂ ತಲೆ ಎತ್ತಿ ಅವರೆದುರು ನಿಂತವರಲ್ಲ. ಸೊಸೆಯಾದ ನನ್ನ ಮಾತಂತೂ ಅತ್ತೆಯ ಮೂಲಕವೇ ಅವರನ್ನು ತಲುಪುತ್ತಿತ್ತು. ನೌಕರಿಯ ಸುದ್ದಿ ಕೇಳಿ ಅವರು ಅಂದದ್ದು ಇಷ್ಟೇ: "ಡಾಕ್ಟರಕಿ ಅಂದ್ರ ಡಾಕ್ಟರಕಿ. ಬಣ್ಣಾ ಹಚ್ಚೂದು ಅಂದ್ರ ಬಣ್ಣಾ ಹಚ್ಚೂದು. ಇದೇನು ಎಡಬಿಡಂಗಿ ಕೆಲಸಾ?"

ಹಾಗಾದರೆ ಯಾರ ಕಣ್ಣು ಬರೆಯುವುದು? ನಾನೇ ಇದ್ದೆನಲ್ಲ! ಎರಡು ವಾರ ಅವಳೆದುರು ಕಣ್ಣರಳಿಸಿ ಕುಳಿತೆ, ಹಂಚಿನ ಮೇಲೆ ರೊಟ್ಟಿಗಳು ಸೀದವು. ಆದರೆ ಹುಡುಗಿಯ ಮನಸ್ಸಿನಲ್ಲಿ ಬೇರೆಯೇ ಇತ್ತು. ಅಪ್ಪನ ಉಳಿದ ಕಣ್ಣನ್ನೇ ಬರೆದು ತೋರಿಸಿದರೆ, ಅಪ್ಪ ಒಪ್ಪಿಯಾರು, ಕನ್ನಡಕವನ್ನೂ ತೆಗೆದಾರು ಎಂದು. ಐದು ಬಿಲ್ಲೆ ಕೆಡಿಸಿ, ಆರನೆಯದರ ಮೇಲೆ ಗುಟ್ಟಾಗಿ ಬರೆದು ನಮ್ಮನ್ನು ಅಡುಗೆಮನೆಗೆ ಕರೆದಳು. ಅಚ್ಚ ಗುರೆಳ್ಳಿನ ಕಪ್ಪು, ಒಳಗೊಂದು ಹೊಳಪು. ನೋಡಿದರೆ ಅಂಜಿಕೆ ಬರಬೇಕು, ಹಾಗಿತ್ತು.

"ಥೇಟ್ ಮಾವಾರದು!" ಎಂದೆ ನಾನು. "ಹೌದಹೌದು" ಎಂದರು ನನ್ನ ಗಂಡ.

ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ಒರೆಸಿಕೊಂಡು ಬಂದರು. ಬಿಲ್ಲೆಯನ್ನು ಅಂಗೈಯಲ್ಲಿಟ್ಟು ನೋಡಿ ಕೇಳಿದರು: "ಯಾರದಿದು?"

"ಅಪ್ಪಾಂದು."

"ನಿಮ್ಮಪ್ಪನ ಕಣ್ಣು ಕರೇದು ಅಂತ ಯಾರು ಹೇಳಿದ್ರು ನಿನಗ? ಹೊಸಾ ಬೆಲ್ಲದ ಬಣ್ಣಾ ಐತಿ ಅವರದು."

ಊರಿನವರ ಕಣ್ಣೆಲ್ಲ ಬಾಯಿಪಾಠ ಇದ್ದವಳಿಗೆ ಹೆತ್ತಪ್ಪನ ಕಣ್ಣಿನ ಬಣ್ಣ ಗೊತ್ತಿರಲಿಲ್ಲ! ಇಪ್ಪತ್ತೆರಡು ವರ್ಷ ಅವಳು ಅಪ್ಪನ ಎದುರಿಗೆ ನೆಲ ನೋಡಿ ನಿಂತಿದ್ದಳು. ಕಪ್ಪು ಕನ್ನಡಕವನ್ನೂ ಅಂಜಿಕೆಯನ್ನೂ ಕೂಡಿಸಿ ಆ ಕಣ್ಣನ್ನು ಕಪ್ಪೆಂದುಕೊಂಡಿದ್ದಳು. ನಾನು ಥೇಟ್ ಎಂದಿದ್ದೆನಲ್ಲ, ನನ್ನ ನಾಚಿಕೆಗೆ ಮಿತಿಯಿಲ್ಲ. ಶಿಬಿರಕ್ಕೆ ಮೂರು ದಿನ ಉಳಿದಿತ್ತು.

"ನಾ ಹೋಗಂಗಿಲ್ಲ ವೈನಿ. ಅಪ್ಪನ ಕಣ್ಣು ಗೊತ್ತಿಲ್ಲದಾಕಿ ಮಂದಿಗೆ ಏನು ಕಣ್ಣು ಮಾಡಲಿ?" ಎಂದು ಕುಂಚಗಳನ್ನು ಒಲೆಗೆ ಹಾಕಲು ಹೊರಟಳು. ಕಸಿದುಕೊಂಡೆ. ಅತ್ತೆ ಕಪ್ಪು ಬಣ್ಣವನ್ನು ಸೀಮೆಎಣ್ಣೆಯಿಂದ ತಾವೇ ಒರೆಸಿ ಬಿಲ್ಲೆಯನ್ನು ಬೆಳ್ಳಗೆ ಮಾಡಿ ಅವಳ ಕೈಗಿಟ್ಟರು. "ಹೋಗಿ ಕೇಳು" ಎಂದರು.

ಮುಂದೆ ಡಾಕ್ಟರು ಪತ್ರ ಕೊಟ್ಟದ್ದು, ಅವಳು ಟ್ರಂಕು ಹಿಡಿದು ರೈಲು ಹತ್ತಿದ್ದು ಎಲ್ಲ ಆಮೇಲಿನ ಮಾತು. ನಾನು ಹೇಳಬೇಕೆಂದಿರುವುದು ಮರುದಿನ ಮುಂಜಾನೆಯದು. ಮಾವ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದರು. ಇವಳು ಮೂರು ಸಲ ಕಂಬದ ತನಕ ಹೋಗಿ ಮೂರು ಸಲವೂ ತಿರುಗಿ ಬಂದಳು. "ನೀವ ಹೇಳ್ರಿ ವೈನಿ" ಎಂದಳು. ನಾನು ಹೇಳುವುದುಂಟೆ? ಅತ್ತೆಗೆ ಹೇಳಿದೆ. ಅತ್ತೆ ಬಾಗಿಲಲ್ಲಿ ನಿಂತು ತುಳಸಿಕಟ್ಟೆಗೆ ಹೇಳಿದರು:

"ಯಾರೋ ಕಣ್ಣು ನೋಡಬೇಕಂತ."

"ಯಾರಂತ?" ಎಂದರು ಮಾವ, ತಲೆ ಎತ್ತದೆ.

"ಮಗಳಂತ."

ಬೈಗಳಿಗಾಗಿ ಕಾದೆವು. ಮಾವ ನಿಧಾನವಾಗಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಮುಂದ ಬಂದು ಕುಂದ್ರವಾ."

ಅವಳು ಕುಳಿತಳು. ತಲೆ ಮಾತ್ರ ಏಳಲಿಲ್ಲ. ಮಾವನೇ ಅವಳ ಗದ್ದಕ್ಕೆ ಕೈ ಹಚ್ಚಿ ಎತ್ತಿದರು.

"ಆ ಎತ್ತು ಹಾದಾಗಿಂದ ಯಾರೂ ನನ್ನ ಮಾರಿ ನೋಡಿ ಮಾತಾಡಿಲ್ಲ. ಹೇಸಿಕಿ ಬರತಿರಬೇಕು ನಿಮಗ ಅಂತ ಕನ್ನಡಕ ಹಾಕ್ಕೊಂಡೆ" ಎಂದರು.

ನಾವೆಲ್ಲ ಮರ್ಯಾದೆ ಎಂದುಕೊಂಡು ತಗ್ಗಿಸಿದ್ದ ತಲೆಗಳನ್ನು ಆ ಮನುಷ್ಯ ಇಷ್ಟು ವರ್ಷ ಹೀಗೆ ತಿಳಿದಿದ್ದರು. ಬಾಗಿಲ ಹಿಂದೆ ನಿಂತಿದ್ದ ನಾನು ಮೊದಲ ಸಲ ತಲೆ ಎತ್ತಿ ಅವರ ಮುಖ ನೋಡಿದೆ.

"ಅಲ್ಲಿ ಇದನ್ನ ಕಲಸ್ತಾರೇನು?"

"ಹೂನ್ರಿ ಅಪ್ಪಾ."

"ಕಲತು ಬಾ. ಮೊದಲನೇದು ನನಗ ಮಾಡು. ಈಗ ನೋಡು, ಚೊಲೋತ್ನಂಗ ನೋಡು."

ಅವಳು ನೋಡಿದಳು. ಕುಂಚ ಅದ್ದಿದಳು, ತಡೆದಳು, ಮತ್ತೆ ನೋಡಿದಳು. ಆಮೇಲೆ ಹುಟ್ಟಿದಂದಿನಿಂದ ಮೊದಲ ಸಲ ಅಪ್ಪನನ್ನು ಗದರಿಸಿದಳು: "ಅಪ್ಪಾ, ಕಣ್ಣಾಗ ನೀರು ತರಬ್ಯಾಡ್ರಿ. ಬಣ್ಣಾ ಕಾಣವಲ್ತು."

ಮಾವ ಶಾಲೆಯ ಮಕ್ಕಳಂತೆ ನೆಟ್ಟಗೆ ಕುಳಿತರು. ಅವರ ಕಣ್ಣು ಒಣಗಿಯೇ ಇತ್ತು. ಅವರು ಮುಂದಕ್ಕೆ ಬಾಗಿ ಧೋತರದ ಚುಂಗಿನಿಂದ ಮಗಳ ಕಣ್ಣು ಒರೆಸಿದರು.

"ಈಗ ಕಾಣತೈತೇನವಾ?" ಎಂದರು.