ಪೀಳಿಗೆ ವಿಚಾರಿಸುವ ಅತ್ತೆ

ನಮ್ಮ ಸೋದರತ್ತೆಯ ಎದುರು ಕುಳಿತುಕೊಳ್ಳುವುದಕ್ಕಿಂತ ಪೊಲೀಸರ ಎದುರು ಕುಳಿತುಕೊಳ್ಳುವುದು ಸುಲಭ. ಪೊಲೀಸರು ಹತ್ತು ಪ್ರಶ್ನೆ ಕೇಳುತ್ತಾರೆ, ಗದ್ದಲದಲ್ಲಿ ಒಂದೆರಡರಿಂದಲಾದರೂ ತಪ್ಪಿಸಿಕೊಳ್ಳಬಹುದು. ಅತ್ತೆ ಕೇಳುವುದು ಒಂದೇ ಪ್ರಶ್ನೆ. ಕೇಳಿ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿಮ್ಮ ಮುಖವನ್ನೇ ನೋಡುತ್ತ ಕೂತುಬಿಡುತ್ತಾರೆ. ನೀವು ಕೆಮ್ಮಿದರೂ ಅಷ್ಟೆ, ನಕ್ಕರೂ ಅಷ್ಟೆ, "ಮಳಿ ಬರೂಹಂಗ ಐತಲ್ರಿ" ಎಂದು ಮಾತು ತಿರುಗಿಸಿದರೂ ಅಷ್ಟೆ. ಉತ್ತರ ಬರುವ ತನಕ ಅವರು ಅಲುಗಾಡುವುದಿಲ್ಲ!

ಇವರು ನನ್ನ ಅಪ್ಪನ ಬೆನ್ನಿಗೆ ಬಿದ್ದ ತಂಗಿ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾಗಿ ಈಗ ರಾಯಾಪುರದಲ್ಲಿ ಒಬ್ಬರೇ ಇದ್ದಾರೆ. ಒಬ್ಬರೇ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಮನೆ ತುಂಬ ಹೊಟ್ಟೆ ಬಿಚ್ಚಿಕೊಂಡು ಮಲಗಿರುವ ಹಳೆಯ ಕಂಪ್ಯೂಟರುಗಳಿಲ್ಲವೆ? ರೊಟ್ಟಿ ಬುಟ್ಟಿಯಲ್ಲಿ ಕಂಪ್ಯೂಟರಿನ ಕಾರ್ಡುಗಳಿರುತ್ತವೆ, ಕಾರ್ಡು ಬಂದ ಪೆಟ್ಟಿಗೆಯಲ್ಲಿ ರೊಟ್ಟಿ ಇರುತ್ತದೆ. ಊಟಕ್ಕೆ ಹೋದವರು ಮುಚ್ಚಳ ತೆಗೆಯುವಾಗ ಸ್ವಲ್ಪ ಹುಷಾರಾಗಿರಬೇಕು.

ಅತ್ತೆಯ ಈಗಿನ ಕೆಲಸ ಡ್ರೈವರ್ ಬರೆಯುವುದು. ಕಂಪ್ಯೂಟರಿನ ಒಳಗೆ ಒಂದು ದೊಡ್ಡ ಹಲಗೆ ಇರುತ್ತದೆ, ಅದರ ಸ್ಲಾಟು ಎಂಬ ಸೀಳುಗಳಿಗೆ ಚುಚ್ಚುವ ಸಣ್ಣ ಸಣ್ಣ ಕಾರ್ಡುಗಳಿರುತ್ತವೆ. ಚಿತ್ರಕ್ಕೊಂದು, ಧ್ವನಿಗೊಂದು, ಇಂಟರ್ನೆಟ್ಟಿಗೊಂದು. ಹಲಗೆಗೂ ಕಾರ್ಡಿಗೂ ನಡುವೆ ಮಾತು ಓಡಾಡುವ ದಾರಿಗೆ ಬಸ್ ಎನ್ನುತ್ತಾರೆ. (ಇದರಲ್ಲಿ ಕಂಡಕ್ಟರ್ ಇಲ್ಲ, ಚಿಲ್ಲರೆಯ ಜಗಳವೂ ಇಲ್ಲ.) ಆಪರೇಟಿಂಗ್ ಸಿಸ್ಟಮ್ ಎಂಬ ಮನೆಯ ಯಜಮಾನ ಆ ಕಾರ್ಡುಗಳೊಂದಿಗೆ ಮಾತಾಡಲು ಇಟ್ಟುಕೊಂಡಿರುವ ಮಧ್ಯಸ್ಥನೇ ಡ್ರೈವರ್. ಈ ದಾರಿಗೆ ಮನುಷ್ಯರ ಹಾಗೆಯೇ ಪೀಳಿಗೆಗಳಿವೆ. ಮೊದಲನೆಯದು ಸಾವಕಾಶ, ಎರಡನೆಯದು ಚುರುಕು, ಮೂರನೆಯದು ಇನ್ನೂ ಚುರುಕು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹ! ಅಜ್ಜನ ಕಾಲದ ಕಾರ್ಡು ಮೊಮ್ಮಗನ ಕಾಲದ ಸ್ಲಾಟಿನಲ್ಲಿ ಆರಾಮಾಗಿ ಕೂರುತ್ತದೆ. ಆದ್ದರಿಂದ ಡ್ರೈವರ್ ಆದವನು ಮೊಟ್ಟಮೊದಲು ಎದುರಿಗಿರುವವರು ಯಾವ ಪೀಳಿಗೆಯವರು, ಎಷ್ಟು ವೇಗ ತಡೆದುಕೊಳ್ಳುತ್ತಾರೆ ಎಂದು ಪತ್ತೆ ಮಾಡಬೇಕು. ಅತ್ತೆ ಬರೆಯುವುದು ಆ ಪತ್ತೇದಾರಿ ಭಾಗವನ್ನು.

ಅದಕ್ಕೆ ಅವರದೊಂದು ಕ್ರಮವಿದೆ. ನನಗೆ ಬಾಯಿಪಾಠವಾಗಿದೆ, ನಮ್ಮ ಓಣಿಯ ಹಾಲಿನವನಿಗೂ ಆಗಿದೆ.

"ಮೊದಲನೇ ಮಾತು ಎಲ್ಲಾರಿಗೂ ತಿಳಿಯೂವಷ್ಟು ಸಾವಕಾಶ ಇರಬೇಕು. ಒಂದ ಪ್ರಶ್ನೆ ಕೇಳಬೇಕು. ಉತ್ತರ ಬರೂತನಾ ಕಾಯಬೇಕು. ಆಮ್ಯಾಲ ಇಬ್ಬರಿಗೂ ತಡಕೊಳ್ಳೂವಷ್ಟು ಜೋರ ಓಡಬೇಕು."

ಸ್ಲಾಟಿನಲ್ಲಿ ಯಾರೂ ಇಲ್ಲದಿದ್ದರೆ? ಅಲ್ಲೇ ಸ್ವಾರಸ್ಯವಿರುವುದು. ಖಾಲಿ ಸ್ಲಾಟಿಗೆ ಪ್ರಶ್ನೆ ಕೇಳಿದರೆ ಅದು ಸುಮ್ಮನಿರುವುದಿಲ್ಲವಂತೆ. ಏನು ಕೇಳಿದರೂ ಹೌದು ಹೌದು ಹೌದು ಎಂದಂತೆ ಒಂದೇ ಸಮನೆ ಉತ್ತರ ಬರುತ್ತದಂತೆ. ಎಲ್ಲದಕ್ಕೂ ಹೌದು ಬಂತೋ, ಒಳಗೆ ಯಾರೂ ಇಲ್ಲ ಎಂದು ಡ್ರೈವರ್ ತಿಳಿದುಕೊಳ್ಳಬೇಕು. ಅವರು ಇದನ್ನು ವಿವರಿಸುವಾಗ ನಾನು ಮೊಬೈಲ್ ನೋಡುತ್ತ "ಹೂಂ ಅತ್ತಿ, ಹೌದ ಅತ್ತಿ, ಖರೇ ಅತ್ತಿ" ಎನ್ನುತ್ತಿದ್ದೆ. ಅತ್ತೆ ಬೆರಳಿನಿಂದ ನನ್ನ ಹಣೆಯ ಮೇಲೆ ಟಕಟಕ ಬಡಿದರು.

"ಖಾಲಿ ಐತಿ," ಎಂದರು.

ಹುಬ್ಬಳ್ಳಿಯಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಒಬ್ಬ ಭಾಯ್ ಇದ್ದಾರೆ. ಅತ್ತೆ ಆಟೋದಿಂದ ಇಳಿಯುವುದು ಕಂಡರೆ ಅವರು ಟೀ ತರಿಸುತ್ತಾರೆ, ಅತ್ತೆಗಲ್ಲ, ತಮಗೆ. ಒಮ್ಮೆ ಒಂದು ಕಾರ್ಡು ತೋರಿಸಿ, "ಅಕ್ಕಾರ, ಮೂರನೇ ಜನರೇಶನ್ ಐತ್ರಿ, ನಂಬ್ರಿ" ಎಂದರು.

"ನೀವು ಹೇಳೂದು ಬ್ಯಾಡ್ರಿ. ಅದು ಹೇಳ್ಲಿ."

ಅತ್ತೆ ಆಟೋದಲ್ಲಿ ತಮ್ಮ ಬಿಚ್ಚಿದ ಕಂಪ್ಯೂಟರನ್ನೇ ಕೂರಿಸಿಕೊಂಡು ಬಂದಿದ್ದರು! ಅಲ್ಲೇ ಕೌಂಟರಿನ ಮೇಲೆ ಕಾರ್ಡು ಚುಚ್ಚಿ, ತಮ್ಮ ಡ್ರೈವರಿನಿಂದ ಪ್ರಶ್ನೆ ಕೇಳಿಸಿದರು. ಕಾರ್ಡು ಮೊದಲನೇ ಪೀಳಿಗೆಯ ನಡಿಗೆಯಲ್ಲಿ ಕುಂಟುತ್ತ ಉತ್ತರ ಕೊಟ್ಟಿತು. ಗಿರಾಕಿಗಳು ನೆರೆದಿದ್ದರು. ಭಾಯ್ ಮುಖ ಸಣ್ಣದಾಯಿತು. "ನಿಮ್ಮ ಮುಂದ ಅದಕ್ಕ ಅಂಜಿಕಿ ಆಗೇತ್ರಿ ಅಕ್ಕಾರ," ಎಂದರು.

ಬೇರೆ ಯಾರಾದರೂ ಆಗಿದ್ದರೆ ಗೆದ್ದ ಖುಷಿಯಲ್ಲಿ ಮನೆಗೆ ಬರುತ್ತಿದ್ದರು. ಅತ್ತೆ ಕಾರ್ಡನ್ನು ಹೊರತೆಗೆದು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಪರ್ಸಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು ಮಗುವಿನ ಕಿವಿ ಒರೆಸುವ ಹಾಗೆ ಮೆಲ್ಲಗೆ ಉಜ್ಜಿದರು. ಮತ್ತೆ ಚುಚ್ಚಿದರೆ ಕಾರ್ಡು ಸರಸರನೆ ಮೂರನೇ ಪೀಳಿಗೆಗೆ ಏರಿತು!

"ತಪ್ಪಾತ್ರಿ ಭಾಯ್. ನೀವು ಹೇಳಿದ್ದು ಖರೇ ಐತಿ," ಎಂದರು ಅತ್ತೆ ಎಲ್ಲರ ಎದುರಿಗೆ. ಆಮೇಲೆ ನನ್ನ ಕಡೆ ತಿರುಗಿ, "ನೋಡ್ವಾ, ಪೆಟ್ಟು ಬಿದ್ದಾಗ, ಜಂಗು ಹತ್ತಿದಾಗ ಕಾರ್ಡು ವೇಗ ಇಳಿಸ್ತೈತಿ, ಮಾತು ಬಿಡೂದಿಲ್ಲ. ಅರ್ಧಾ ಮಂದಿ ಡ್ರೈವರ್ ಬರ್ಯಾವರಿಗೆ ಇದು ತಿಳಿಯೂದಿಲ್ಲ. ಉತ್ತರ ತಡಾ ಆತಂದ್ರ ಕಾರ್ಡ್ ಸತ್ತೈತಿ ಅಂತ ಬರದ ಬಿಡ್ತಾರ" ಎಂದರು. ನಾನು ಹೂಂ ಎನ್ನಲು ಹೋಗಿ ಹಣೆ ನೆನಪಾಗಿ ಸುಮ್ಮನಾದೆ.

ಯಂತ್ರಕ್ಕೆ ಇಂಥ ನೇಮ ಇಟ್ಟುಕೊಳ್ಳಲಿ, ಯಾರಿಗೇನು ತೊಂದರೆ? ಆದರೆ ನನ್ನನ್ನು ನೋಡಲು ವರನ ಕಡೆಯವರು ಉಪ್ಪಿನಬೆಟಗೇರಿಯಿಂದ ಬಂದ ದಿನವೂ ಅತ್ತೆ ಬಂದರು. ಅವಲಕ್ಕಿ, ಚಹಾ, ಹವಾಮಾನ ಎಲ್ಲ ಮುಗಿದ ಮೇಲೆ ವರನಿಗೆ ತಮ್ಮ ಒಂದು ಪ್ರಶ್ನೆ ಹಾಕಿದರು.

"ನಿಮಗ ಸಿಟ್ಟು ಯಾವಾಗ ಬರ್ತೈತ್ರಿ?"

ಕೈ ಮಡಿಲಿಗೆ ಹೋಯಿತು. ಹುಡುಗ ಬೆವರಿದ. ಅವನ ತಂದೆ ನಗುತ್ತ ನಡುವೆ ಬಂದು, "ನಮ್ಮ ಹುಡುಗ್ಗ ಸಿಟ್ಟು ಅನ್ನೂದ ಇಲ್ರಿ ಬಾಯಾರ, ಆಕಳಂಥಾಂವ ಅದಾನ್ರಿ" ಎಂದರು.

"ನಾ ಕೇಳಿದ್ದು ಅವರನ್ನರಿ. ಒಬ್ಬರಿಗೆ ಕೇಳಿದ್ದಕ್ಕ ಇನ್ನೊಬ್ಬರು ಉತ್ತರಾ ಕೊಟ್ರ ಎಲ್ಲಾ ಕೆಡ್ತೈತ್ರಿ."

ಅಪ್ಪ ಹಣೆ ಹಣೆ ಬಡಿದುಕೊಂಡರು. ಈ ಸಂಬಂಧ ಮುಗಿದ ಹಾಗೆಯೇ ಎಂದು ಅವ್ವ ತಟ್ಟೆ ಎತ್ತತೊಡಗಿದಳು. ಆಗ ಹುಡುಗ ನೆಲ ನೋಡುತ್ತ ಬಾಯಿ ಬಿಟ್ಟ.

"ನನ್ನ ಮಾತು ನಮ್ಮ ಅಪ್ಪಾರು ಆಡಿದಾಗ ಬರ್ತೈತ್ರಿ."

"ಹುಡುಗ ಛಲೋ ಅದಾನ," ಎಂದು ಅತ್ತೆ ಎದ್ದು ಅವನಿಗೆ ತಾವೇ ಸಕ್ಕರೆ ಕೊಟ್ಟರು. ಆ ಹುಡುಗನ ಜೊತೆ ನನ್ನ ಸಂಸಾರ ಸುಖವಾಗಿದೆ. ಮಾವನವರು ಈಗಲೂ ನಮ್ಮ ಸೋದರತ್ತೆ ಬರುತ್ತಾರೆಂದರೆ ಹೊಲಕ್ಕೆ ಹೋಗಿಬಿಡುತ್ತಾರೆ.

ಇಂಥ ಅತ್ತೆಗೆ ದೇವರು ಎಂಥ ಅಣ್ಣನನ್ನು ಕೊಟ್ಟಿದ್ದ ಅಂತೀರಿ! ನಮ್ಮಪ್ಪ ಹತ್ತಿ ವ್ಯಾಪಾರಿ. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಅವರ ಮಾತಿನ ವೇಗಕ್ಕೆ ಸಾಟಿಯಿರಲಿಲ್ಲ. "ಬರ್ರಿ, ಯಾವಾಗ ಬಂದ್ರಿ, ಆರಾಮ ಏನ್ರಿ, ಮಳಿ ಹೆಂಗ ಐತ್ರಿ, ಚಹಾ ಕುಡೀತೀರೇನ್ರಿ, ಕುಂಡ್ರಿ, ಮತ್ತ ಹೊಂಟ್ರೇನು?" ಎಲ್ಲವೂ ಒಂದೇ ಉಸಿರಿನಲ್ಲಿ. ಅಣ್ಣ ತಂಗಿ ಕೂಡಿದರೆ ನಮಗೆ ಬಿಟ್ಟಿ ಮನರಂಜನೆ.

"ತಂಗೀ, ನೀ ಒಂದ ಪ್ರಶ್ನೆ ಕೇಳಿ ಉತ್ತರ ಬರೂದ್ರಾಗ ನಾ ಒಂದ ಗಾಡಿ ಹತ್ತಿ ಮಾರಿ ಬರ್ತೇನಿ ನೋಡು."

"ಮಾರಿ ಬಾ. ಯಾರಿಗೆ ಮಾರಿದಿ ಅಂತ ಅವರನ್ನ ಕೇಳ್ಕೊಂಡ ಬಾ."

"ಹುಚ್ಚಿ!" ಎಂದು ಅಪ್ಪ ನಗುತ್ತಿದ್ದರು. ಊರಿಗೆಲ್ಲ ಮೇಡಮ್ ಆದ ಅತ್ತೆಯನ್ನು ಹಾಗೆ ಕರೆಯುವ ಹಕ್ಕು ಅವರೊಬ್ಬರಿಗೇ ಇತ್ತು.

ಹೋದ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಕೈಕಾಲೂ ತಕ್ಕಮಟ್ಟಿಗೆ ಬಂದವು, ಮಾತು ಮಾತ್ರ ಎಡವಟ್ಟಾಯಿತು. ಆಸ್ಪತ್ರೆಯಲ್ಲಿ ಹತ್ತಿರ ಒಬ್ಬರನ್ನೇ ಬಿಡುತ್ತಿದ್ದರು, ಅವ್ವ ಇರುತ್ತಿದ್ದಳು. ಮನೆಗೆ ಕರೆತಂದ ಮೇಲೆ ನಾನೂ ತವರಿಗೆ ಬಂದೆ, ನೋಡಲು ಬರುವ ಮಂದಿಯ ಜಾತ್ರೆಯೇ ಶುರುವಾಯಿತು. ನಮ್ಮ ಕಡೆಯವರ ಪ್ರೀತಿ ನಿಮಗೆ ಗೊತ್ತಲ್ಲ? ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಪ್ರಶ್ನೆಗಳ ಸರಮಾಲೆ. ಅಪ್ಪ ಬಹಳ ಹೊತ್ತು ಸುಮ್ಮನಿರುತ್ತಿದ್ದರು, ಆಮೇಲೆ ಏನೋ ಸಂಬಂಧವಿಲ್ಲದ್ದು ಹೇಳುತ್ತಿದ್ದರು. "ಫ್ಯಾನ್ ಹಚ್ಚಲೇನು?" ಎಂದರೆ "ಸಕ್ಕರಿ ಬ್ಯಾಡ" ಎನ್ನುತ್ತಿದ್ದರು. "ಕಾಲು ನೋಯ್ತಾವೇನ್ರಿ?" ಎಂದರೆ "ಸಣ್ಣಾಗಿ ಹಚ್ಚು" ಎನ್ನುತ್ತಿದ್ದರು. ಬಂದವರು ನಾಲಿಗೆ ಲೊಚಗುಟ್ಟಿ ಅವ್ವನ ಕೈ ಹಿಡಿಯುತ್ತಿದ್ದರು.

ನನ್ನ ತಮ್ಮ ಒಂದು ದಿನ ಅಡುಗೆಮನೆಯಲ್ಲಿ ಹೇಳಿದ: "ಅಪ್ಪಗ ತಿಳುವಳಿಕಿ ಉಳದಿಲ್ಲವ್ವಾ. ಇನ್ನ ಅವರಿಗೇನೂ ಕೇಳೂದು ಬ್ಯಾಡ. ಸುಮ್ನ ಯಾಕ ತ್ರಾಸ ಕೊಡೂದು?" ಅವ್ವ ಅತ್ತಳು, ಒಪ್ಪಿದಳು. ನಾನೂ ಒಪ್ಪಿದೆ. ಅವತ್ತಿನಿಂದ ಅಪ್ಪನ ಪರವಾಗಿ ನಾವೇ ಉತ್ತರ ಹೇಳತೊಡಗಿದೆವು. ಅವರ ತಲೆಯ ಮೇಲಿಂದಲೇ ಅವರ ಬಗ್ಗೆ ಮಾತಾಡತೊಡಗಿದೆವು. ಅಪ್ಪ ಗೋಡೆ ಕಡೆ ಹೊರಳಿ ಮಲಗತೊಡಗಿದರು.

ಅತ್ತೆ ಬಂದಾಗ ಕೋಣೆಯಲ್ಲಿ ಇನ್ನೂ ನಾಲ್ಕಾರು ಜನ ಇದ್ದರು. ಅತ್ತೆ ಯಾರಿಗೂ ಏನೂ ಕೇಳಲಿಲ್ಲ, ಮೂಲೆಯಲ್ಲಿ ಕೂತರು. ಬಂದವರ ಪೈಕಿ ಒಬ್ಬರು "ಊಟಾ ಆತೇನ್ರಿ?" ಎಂದರು. ಉತ್ತರವಿಲ್ಲ. "ನನ್ನ ಗುರ್ತ ಸಿಗ್ತೇನ್ರಿ?" ಎಂದರು. ಅಪ್ಪ ತುಟಿ ಅಲ್ಲಾಡಿಸಿ, "ಅನ್ನಾ ಸಾರು" ಎಂದರು. ನನ್ನ ತಮ್ಮ ನಡುವೆ ಬಂದು, "ಅವರಿಗೆ ತಿಳಿಯೂದಿಲ್ರಿ" ಎಂದ.

ಅತ್ತೆ ಎದ್ದು ನಿಂತರು.

"ಎಲ್ಲಾರೂ ಸುಮ್ನಾಗ್ರಿ! ಅಂವಾ ಬರೋಬ್ಬರಿ ಹೇಳಾಕತ್ತಾನ. ಊಟಾ ಕೇಳಿದ್ದಕ್ಕ ಅನ್ನಾ ಸಾರು ಅಂದಾನ. ನೀವು ಅಷ್ಟರಾಗ ಮುಂದಿಂದು ಕೇಳೀರಿ! ಉತ್ತರ ತಪ್ಪಿಲ್ಲ, ಪ್ರಶ್ನೆ ಮುಂದ ಓಡ್ಯಾವು."

ನಾನು ಅಲ್ಲೇ ನಿಂತು ಹಿಂದಿನದೆಲ್ಲ ನೆನೆದು ಅತ್ತೆಗೆ ಹೇಳಿದೆ. ಫ್ಯಾನಿಗಿಂತ ಮೊದಲು ನಾನು ಕೇಳಿದ್ದು ಚಹಾ ಬೇಕೇ ಎಂದು. ಸಕ್ಕರಿ ಬ್ಯಾಡ ಎಂದರೆ ಇನ್ನೇನು ಅರ್ಥ? ಕಾಲಿನ ವಿಚಾರಕ್ಕಿಂತ ಮೊದಲು ಕೇಳಿದ್ದು ಫ್ಯಾನ್. ಸಣ್ಣದಾಗಿ ಹಚ್ಚು!

"ಖಾಲಿ ಜಾಗಾ ಎಲ್ಲಾದಕ್ಕೂ ಹೌದು ಅಂತೈತಿ," ಎಂದು ಅತ್ತೆ ನನ್ನ ತಮ್ಮನ ಕಡೆ ನೋಡಿದರು. "ಇಂವಾ ಬ್ಯಾಡ ಅಂದಾನ. ನಮ್ಮಣ್ಣ ಒಳಗ ಅದಾನೋ!"

ಬಂದವರು ಮೆಲ್ಲಗೆ ಎದ್ದು ಹೊರಗೆ ಹೋದರು. ಅತ್ತೆ ಹಾಸಿಗೆಯ ಬದಿಗೆ ಕೂತು ಅಪ್ಪನ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅವರ ಮಾತು ಎಂದಿಗಿಂತ ಸಾವಕಾಶವಾಗಿತ್ತು.

"ಅಣ್ಣಾ. ಹೆದರಿಕಿ ಆಗೇತೇನು?"

ಕೈ ಮಡಿಲಿಗೆ ಹೋಯಿತು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಬಂದು, ಕೂಗುತ್ತಲೇ ಓಣಿ ದಾಟಿ ಹೋದ. ಅವ್ವ ಏನೋ ಹೇಳಲು ಬಾಯಿ ತೆರೆದಳು, ನಾನು ಅವಳ ಕೈ ಅದುಮಿ ಹಿಡಿದೆ. ಇಷ್ಟು ದಿನ ನಾವು ಯಾರೂ ಅಪ್ಪನಿಗೆ ಈ ಪ್ರಶ್ನೆ ಕೇಳಿರಲಿಲ್ಲ.

"ಆಗೇತಿ," ಎಂದರು ಅಪ್ಪ.

ಅತ್ತೆ ಇನ್ನೂ ಕಾದರು. ಮಾತು ಮುಗಿದಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತೋ!

"ಯಾರೂ... ನಿಲ್ಲವಲ್ರು."

ಅಷ್ಟು ಕೇಳಿದ್ದೇ ತಡ, ನಮ್ಮ ಅತ್ತೆಯ ಕಟ್ಟೆ ಒಡೆಯಿತು. ಜೀವಮಾನದ ನೇಮವೆಲ್ಲ ಎಲ್ಲಿ ಹೋಯಿತೋ ಏನೋ, ಅಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತ ಒಂದೇ ಉಸಿರಿಗೆ ಕೇಳಿದರು: "ನಾ ನಿಂತೇನಲ್ಲೋ ಅಣ್ಣಾ, ಎಲ್ಲಿ ನೋಯ್ತೈತೋ, ನಿದ್ದಿ ಹತ್ತತೈತೇನೋ, ಏನರೆ ತಿಂತೀಯೇನೋ, ನಾ ಇಲ್ಲೇ ಇರಲೇನೋ?"

ಅಪ್ಪ ತಂಗಿಯ ಮುಖವನ್ನು ನೋಡಿದರು. ನಾವೆಲ್ಲರೂ ಕಾದೆವು. ಅವರ ತುಟಿಯ ಒಂದು ತುದಿ ಮೊದಲು ಅಲ್ಲಾಡಿತು, ಆಮೇಲೆ ಮೆಲ್ಲಗೆ ಒಂದು ಕಡೆಯಷ್ಟೇ ನಗು ಬಂತು.

"ಹುಚ್ಚೀ," ಎಂದರು. "ಒಂದೊಂದು... ಕೇಳು."