ಬೆಳ್ಳಿ ತಂತಿಯ ಪರೀಕ್ಷೆ

ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಕಿವಿರಾಯ ‘ಬೆಳ್ಳಿ ಈಗ ಪಳಗಿತು’ ಎಂದು ಹೇಳದೆ ಇದ್ದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಕಾಫಿ ಕುಡಿದು ಸುಮ್ಮನಿರುವ ಜನ ಬೇಕಾದಷ್ಟಿದ್ದಾರೆ. ಇವನಿಗೆ ಅದು ಆಗದು.

ಕಿವಿರಾಯ ಎಂಬುದು ಅವನಿದ್ದ ಕಟ್ಟಡದವರು ಇಟ್ಟ ಹೆಸರು. ಅವನು ಬಟ್ಟೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಥಾನು ಬಿಚ್ಚಿ ತೋರಿಸಿ, ಗಿರಾಕಿ ಬೇಡವೆಂದಾಗ ಮತ್ತೆ ಸುತ್ತಿಡುವ ಗುಮಾಸ್ತ. ಸಂಜೆ ಮನೆಗೆ ಬಂದು ಹಿಂಬದಿಯ ಎಂಟಡಿ ಆರಡಿಯ ಕೋಣೆಗೆ ಹೊಕ್ಕು ಬಾಗಿಲು ಹಾಕಿದನೆಂದರೆ ಮಾತ್ರ ಅವನೊಬ್ಬ ಮನುಷ್ಯ. ಅಲ್ಲಿ ಒಂದು ಕುರ್ಚಿ, ಒಂದು ಆಂಪ್ಲಿಫೈಯರ್, ಮತ್ತು ವರ್ಷಗಟ್ಟಲೆ ಆಸೆಪಟ್ಟು ತಂದ ಹೆಡ್‌ಫೋನ್ ಇದ್ದವು. ‘ಇನ್ನೊಂದು ಬಣ್ಣ ತೋರಿಸಿ’ ಎನ್ನುವವರಿಲ್ಲದ ಜಾಗ ಅದು. ಆ ಕೋಣೆಯ ಮೇಲೆ ಅವನಿಗೆ ಜೀವ.

ಹೆಡ್‌ಫೋನಿನ ಎಡಗಿವಿಗೆ ಸಿಕ್ಕಿಸುವ ತಂತಿಗಳು ಎರಡಿದ್ದವು. ಜೊತೆಯಲ್ಲಿ ಬಂದದ್ದು ತಾಮ್ರದ್ದು. ಅದೇ ಕಂಪನಿಯ ಬೆಳ್ಳಿ ತಂತಿಯನ್ನು ಅವನು ತಿಂಗಳ ಹಿಂದೆ ಬೇರೆಯಾಗಿ ತರಿಸಿದ್ದ. ಮೂಗಿಗಿಂತ ಮೂಗುತಿ ಭಾರ ಎಂದು ಹೆಂಡತಿ ಅಂದಿದ್ದಳು. ಒಳಗೆ ಎರಡೂ ಒಂದೇ ತರಹದ ಬಿಳಿ ಹುರಿ, ಮೇಲೆ ತಿರುಪು ಬಿಚ್ಚಿ ತೆಗೆಯಬಹುದಾದ ಬಟ್ಟೆಯ ಕವಚ. ಬೆಳ್ಳಿಗೆ ಒರಟು ಹತ್ತಿಯ ನೀಲಿ ಕವಚ, ತಾಮ್ರಕ್ಕೆ ನುಣುಪು ನೈಲಾನಿನ ಕಪ್ಪು ಕವಚ. ಯಾವುದು ಯಾವ ಲೋಹವೆಂಬ ಗುರುತನ್ನು ಕಂಪನಿಯವರು ಪ್ಲಗ್ಗಿನ ಮೇಲೆ ಸಾಸಿವೆ ಗಾತ್ರದಲ್ಲಿ ಕೊರೆದಿದ್ದರು. ಅದನ್ನು ಯಾರೂ ಓದುತ್ತಿರಲಿಲ್ಲ.

“ಮೊದಲು ಸ್ವಲ್ಪ ಚುಚ್ಚೋದು,” ಎಂದು ಕಿವಿರಾಯ ಮುಂದುವರಿಸಿದ. “ನಾಲ್ಕು ದಿನದಿಂದ ಜೇನಿನ ಹಾಗೆ ಹರೀತಿದೆ. ತಾಮ್ರ ಇನ್ನು ಹತ್ತು ಜನ್ಮ ಎತ್ತಿದ್ರೂ ಹೀಗೆ ಹಾಡಲ್ಲ.”

ಅಡುಗೆಮನೆಯ ಸ್ವಿಚ್ಚು ಸರಿಮಾಡಲು ಬಂದಿದ್ದ ಎದುರುಮನೆಯ ಎಲೆಕ್ಟ್ರಿಷಿಯನ್ ಸ್ಟೂಲಿನ ಮೇಲಿಂದಲೇ ನಕ್ಕ. ಮೂವತ್ತು ವರ್ಷದಿಂದ ತಂತಿ ಎಳೆಯುತ್ತಿದ್ದೇನೆ, ಕರೆಂಟಿಗೆ ಬೆಳ್ಳಿ ತಾಮ್ರದ ಭೇದವಿಲ್ಲ, ಭೇದವೆಲ್ಲ ಕೊಂಡವನ ತಲೆಯಲ್ಲಿ ಎಂದ. ಕಿವಿರಾಯ ತನ್ನ ಕಿವಿಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಆಡಿದ. ಆಗ ಹೆಂಡತಿ ಹೊಲಿಗೆ ಮೆಷಿನ್ನಿನ ಹಿಂದಿನಿಂದ ತಲೆಯೆತ್ತಿದಳು. ಅವಳ ಮೆಷಿನ್ನು ಅಡುಗೆಮನೆಗೆ ಹೋಗುವ ಓಣಿಯಲ್ಲಿತ್ತು. ಅವಳು ಹೊಲಿಯುತ್ತಿದ್ದರೆ ಯಾರೂ ನೀರು ಕುಡಿಯಲು ಹೋಗುವಂತಿಲ್ಲ, ಯಾರಾದರೂ ಹೋದರೆ ಅವಳು ಹೊಲಿಯುವಂತಿಲ್ಲ.

“ಕಣ್ಣು ಕಟ್ಕೊಂಡು ಹೇಳ್ತೀರಾ?” ಎಂದಳು. “ಹತ್ತಕ್ಕೆ ಒಂಬತ್ತು ಸರಿ ಹೇಳಿದ್ರೆ ನಾನು ಆ ಕೋಣೆ ಮಾತು ಜನ್ಮದಲ್ಲಿ ಎತ್ತಲ್ಲ. ತಪ್ಪಿದ್ರೆ ಇವತ್ತೇ ನನ್ನ ಮೆಷಿನ್ನು ಒಳಗೆ ಬರುತ್ತೆ.”

ಎಲೆಕ್ಟ್ರಿಷಿಯನ್ ಎದುರಿಗಿದ್ದ. ಮನೆಯಲ್ಲೇ ಇದ್ದ ಅವನ ಅತ್ತೆ, ಹೆಂಡತಿಯ ತಾಯಿ, ಬಟ್ಟೆ ಮಡಿಸುತ್ತಾ ನೋಡುತ್ತಿದ್ದರು. ಆಗುವುದಿಲ್ಲ ಎಂದರೆ ಆ ಹೆಸರಿಗೇ ಕುತ್ತು. ಕಿವಿರಾಯ ‘ಆಗಲಿ’ ಎಂದುಬಿಟ್ಟ.

ತೀರ್ಪಿಗೆ ಮೇಲಿನ ಮಹಡಿಯ ಮೇಷ್ಟ್ರನ್ನು ಕರೆಸಿದರು. ಮೂವತ್ತು ವರ್ಷ ಪರೀಕ್ಷಾ ಕೇಂದ್ರಗಳ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಭೂತಗನ್ನಡಿ, ಕೆಂಪು ಪೆನ್ನು, ರಟ್ಟು ಹಿಡಿದೇ ಇಳಿದು ಬಂದರು. ಎಲೆಕ್ಟ್ರಿಷಿಯನ್, ನೀಲಿ ಯಾವುದು ಕಪ್ಪು ಯಾವುದು ಎಂದು ವಿವರಿಸಲು ಹೋದರೆ ಅವರು ಕೈ ಅಡ್ಡ ಹಿಡಿದರು.

“ನಾನು ಅಂಗಿ ನೋಡಿ ಹುಡುಗರನ್ನ ಒಳಗೆ ಬಿಟ್ಟವನಲ್ಲ. ಹಾಲ್ ಟಿಕೆಟ್ ನಂಬರ್ ನೋಡಿ ಬಿಟ್ಟವನು,” ಎಂದು ಪ್ಲಗ್ಗಿನ ಮೇಲಿನ ಗುರುತನ್ನು ಭೂತಗನ್ನಡಿಯಲ್ಲಿ ಓದಿ ರಟ್ಟಿನ ಮೇಲೆ ಬರೆದುಕೊಂಡರು.

ಕಿವಿರಾಯನನ್ನು ಬನಿಯನ್ನಿನಲ್ಲೇ ಕೋಣೆಯ ಕುರ್ಚಿಗೆ ಕೂರಿಸಿ ಕಣ್ಣಿಗೆ ಅತ್ತೆಯ ಮಡಿಸಿದ ದುಪ್ಪಟಿಯ ತುದಿ ಕಟ್ಟಿದರು. ಮೇಷ್ಟ್ರು ನಾಣ್ಯ ಚಿಮ್ಮಿ ಒಂದು ತಂತಿ ಕೊಡುವುದು, ಎಲೆಕ್ಟ್ರಿಷಿಯನ್ ಸಿಕ್ಕಿಸುವುದು, ಹೆಂಡತಿ ಪ್ರತಿ ಸಲವೂ ಅದೇ ಪಿಟೀಲಿನ ತುಣುಕು ಹಾಕುವುದು ಎಂದಾಯಿತು. ಕೊನೆಯವರೆಗೂ ಸರಿ ತಪ್ಪು ಹೇಳುವಂತಿಲ್ಲ. ಅಷ್ಟರಲ್ಲಿ ಬಾಗಿಲ ಬಳಿ ನಾಲ್ಕಾರು ಮನೆಯವರ ಚಪ್ಪಲಿ ಸದ್ದು ಕೇಳಿಸಿತು.

ಪಿಟೀಲು ಶುರುವಾಯಿತು. ಕಿವಿರಾಯ ಕೇಳಿದ. ಜೇನೂ ಇಲ್ಲ, ಚುಚ್ಚುವುದೂ ಇಲ್ಲ, ಬರೀ ಪಿಟೀಲು. ಇನ್ನೊಮ್ಮೆ ಹಾಕಿ ಎಂದ. ಇನ್ನೊಮ್ಮೆಯೂ ಅದೇ. ಅವನ ಎದೆ ಪಿಟೀಲಿಗಿಂತ ಜೋರಾಗಿ ಬಡಿಯತೊಡಗಿತು. ಕಣ್ಣು ತೆರೆದಿದ್ದಾಗ ಅಷ್ಟು ಸ್ಪಷ್ಟವಿದ್ದ ಭೇದ ಕಣ್ಣು ಕಟ್ಟಿದೊಡನೆ ಎಲ್ಲಿ ಹೋಯಿತು? ತಾನು ಇಷ್ಟು ದಿನ ಕೇಳಿದ್ದು ಏನನ್ನು? ಆ ಯೋಚನೆಗೆ ಅವನಿಗೆ ನಿಜವಾಗಿ ಭಯವಾಯಿತು, ಕೋಣೆ ಹೋಗುವ ಭಯಕ್ಕಿಂತ ಹೆಚ್ಚಾಗಿ.

“ಸಮಯ ಮುಗೀತಿದೆ,” ಎಂದರು ಮೇಷ್ಟ್ರು.

ಗಾಬರಿಯಲ್ಲಿ ಅವನ ತಲೆ ಎಡಕ್ಕೆ ವಾಲಿತು. ಕಿವಿಯಿಂದ ಇಳಿಬಿದ್ದಿದ್ದ ತಂತಿ ಕುತ್ತಿಗೆಗೆ ತಾಗಿತು. ಒರಟು. ಗಂಟುಗಂಟು ನೂಲು. ಇಪ್ಪತ್ತೆರಡು ವರ್ಷ ಬಟ್ಟೆ ಮುಟ್ಟಿದ ಚರ್ಮ ಯಾರ ಅಪ್ಪಣೆಯನ್ನೂ ಕೇಳದೆ ‘ಹತ್ತಿ’ ಎಂದಿತು.

“ಬೆಳ್ಳಿ,” ಎಂದ ಕಿವಿರಾಯ.

ಎರಡನೆಯದು ಕುತ್ತಿಗೆಯ ಮೇಲೆ ನುಣ್ಣಗೆ ಜಾರಿತು. ನೈಲಾನ್. “ತಾಮ್ರ,” ಎಂದ. ಅವನೇನೂ ಮೋಸಗಾರನಲ್ಲ. ಅಂಗಡಿಯಲ್ಲಿ ಒಂದು ಗೇಣು ಬಟ್ಟೆಯನ್ನೂ ಕಡಿಮೆ ಅಳೆದವನಲ್ಲ. ಆದರೆ ಕಿವಿಗೂ ಕುತ್ತಿಗೆಗೂ ನಾಲ್ಕೇ ಬೆರಳು ದೂರ, ಇಷ್ಟಕ್ಕೆಲ್ಲ ಲೆಕ್ಕ ಹಿಡಿಯಬಾರದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮೂರನೆಯದಕ್ಕೆ ಧೈರ್ಯ ಬಂತು. ನಾಲ್ಕನೆಯದಕ್ಕೆ ವಿವರಣೆಯೂ ಬಂತು: ಕಮಾನಿನ ಒಂದೊಂದು ಕೂದಲೂ ಕೇಳಿಸುತ್ತಿದೆ, ಇದು ಬೆಳ್ಳಿಯಲ್ಲದೆ ಇನ್ನೇನು ಎಂದ. ಬಾಗಿಲ ಬಳಿ ಯಾರೋ ಮೆಚ್ಚಿ ಲೊಚಗುಟ್ಟಿದರು.

ಐದು ಮುಗಿಯುವಾಗ ಅವನು ಬೆವರಿ ನೀರಾಗಿದ್ದ. ಹೆಂಡತಿಗೆ ಕರುಣೆ ಬಂದು ಒಂದು ಟವೆಲ್ ತಂದು ಅವನ ಕೊರಳಿಗೆ ಸುತ್ತಿದಳು.

“ತೆಗಿ, ತೆಗಿ,” ಎಂದು ಅವನು ಹೌಹಾರಿದ. “ಟವೆಲ್ ಇದ್ರೆ ಕೇಳಿಸಲ್ಲ.”

“ಕುತ್ತಿಗೇಲೂ ಕಿವಿ ಇದೆಯಾ?” ಎಂದು ಎಲೆಕ್ಟ್ರಿಷಿಯನ್ ಕೇಳಿದ.

ಬಟ್ಟೆ ಶಬ್ದವನ್ನು ಹೀರುತ್ತದೆ, ಇದು ಪ್ರಪಂಚಕ್ಕೇ ಗೊತ್ತಿರುವ ವಿಷಯ ಎಂದು ಕಿವಿರಾಯ ಗದರಿದ. ಹೆಂಡತಿ ಟವೆಲ್ ತೆಗೆದುಕೊಂಡಳು. ಅವಳು ಸ್ವಲ್ಪ ಹೆಚ್ಚು ಹೊತ್ತೇ ಅವನ ಹಿಂದೆ ನಿಂತಿದ್ದಳೆಂದು ಅವನಿಗೆ ಅನ್ನಿಸಿತು.

ಏಳನೆಯದರ ಹೊತ್ತಿಗೆ ಮೇಷ್ಟ್ರ ಪೆನ್ನು ನಿಂತಿತು. ಪ್ರತಿ ಸಲವೂ ಎಡಕ್ಕೇ ಯಾಕೆ ವಾಲುತ್ತೀರಿ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಅದನ್ನು ಅರ್ಧದಲ್ಲೇ ತಡೆದು ಕಿವಿ ಕೆರೆದುಕೊಂಡ. ಎಡಗಿವಿ ಚುರುಕು ಎಂದ. ಮೇಷ್ಟ್ರು ‘ಹೂಂ’ ಎಂದರು. ಆ ‘ಹೂಂ’ನಲ್ಲಿ ಮೂವತ್ತು ವರ್ಷ ಹಿಡಿದ ನಕಲು ಚೀಟಿಗಳೆಲ್ಲ ಇದ್ದವು.

ಎಂಟು, ಒಂಬತ್ತು, ಹತ್ತು. ಕೊನೆಯದು ಹತ್ತಿ. “ಬೆಳ್ಳಿ. ಎಷ್ಟು ಸಲ ಕೇಳಿದ್ರೂ ಬೆಳ್ಳಿನೇ,” ಎಂದು ಕಿವಿರಾಯ ಕಟ್ಟು ಬಿಚ್ಚಿಕೊಂಡ. ಕುರ್ಚಿಯನ್ನು, ಗೋಡೆಯನ್ನು, ಬಾಗಿಲನ್ನು ಒಂದು ಸಲ ಕಣ್ತುಂಬ ನೋಡಿದ. ಎಲ್ಲ ತನ್ನವೇ.

ಮೇಷ್ಟ್ರು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಬೆರಳು ಓಡಿಸಿದರು. ಇನ್ನೊಮ್ಮೆ ಓಡಿಸಿದರು. ಕನ್ನಡಕ ಒರೆಸಿಕೊಂಡರು.

“ಹತ್ತಕ್ಕೆ ಸೊನ್ನೆ,” ಎಂದರು.

ಅದು ಸಾಧ್ಯವೇ ಇಲ್ಲ ಎಂದು ಕಿವಿರಾಯ ಎದ್ದುನಿಂತ. ಹೆಡ್‌ಫೋನಿಗೆ ಇನ್ನೂ ಸಿಕ್ಕಿಕೊಂಡಿದ್ದ ನೀಲಿ ಕವಚದ ತಂತಿಯನ್ನು ಎಲ್ಲರಿಗೂ ಎತ್ತಿ ತೋರಿಸಿದ. ಮೇಷ್ಟ್ರು ಅದನ್ನು ಕಿತ್ತು, ಪ್ಲಗ್ಗನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಅಲ್ಲಿ ತಾಮ್ರದ ಗುರುತಿತ್ತು.

“ಓ, ಅದಾ,” ಎಂದರು ಅತ್ತೆ, ಬಾಗಿಲ ಬಳಿಯಿಂದ. “ಬುಧವಾರ ಎರಡರದ್ದೂ ಕವಚ ಬಿಚ್ಚಿ ಒಗೆದು ಹಾಕಿದ್ದೆ. ಎಷ್ಟು ಕೊಳೆ ಇತ್ತು ಅಂತೀರಿ. ಎರಡೂ ಒಂದೇ ಅಳತೆ ನೋಡಿ, ಕೈಗೆ ಸಿಕ್ಕಿದ್ದನ್ನ ಸಿಕ್ಕಿದ್ದಕ್ಕೆ ತೊಡಿಸಿದೆ. ಅಂಗಿ ಬದಲಾದ್ರೆ ಆಳು ಬದಲಾಗ್ತಾನಾ?”

ಕಿವಿರಾಯನ ನಾಲಿಗೆಯ ತುದಿಯಲ್ಲಿ ಮಾತಿತ್ತು: ಕವಚ ಅದಲುಬದಲಾಗಿದೆ, ಹಾಗಾದರೆ ನನ್ನ ಉತ್ತರಗಳೆಲ್ಲ ಸರಿ ಎಂದು. ಆದರೆ ಕಣ್ಣು ಕಟ್ಟಿಕೊಂಡು ಕಿವಿಯಿಂದ ಕೇಳಿದವನಿಗೆ ಕವಚ ಯಾವುದಾದರೇನು? ಬಾಯಿ ಬಿಟ್ಟರೆ ಬಣ್ಣಗೇಡು. ಅವನು ಬಾಯಿ ಮುಚ್ಚಿದ. ಬುಧವಾರದಿಂದ ಭಾನುವಾರಕ್ಕೆ ನಾಲ್ಕು ದಿನ, ಹಾಗಾದರೆ ಆ ಜೇನು ಹರಿಸಿದ್ದು ತಾಮ್ರ ಎಂಬುದೂ ಆಗಲೇ ಹೊಳೆಯಿತು. ಹೊಳೆದು ಪ್ರಯೋಜನವಿರಲಿಲ್ಲ.

ಮೇಷ್ಟ್ರು ಮಾತ್ರ ಬೆರಗಿನಿಂದ ಅವನನ್ನೇ ನೋಡುತ್ತಿದ್ದರು.

“ಹತ್ತೂ ತಪ್ಪು ಬರೆಯೋದು ಹತ್ತೂ ಸರಿ ಬರೆಯೋವಷ್ಟೇ ಕಷ್ಟ,” ಎಂದರು. “ದಡ್ಡನಿಗೆ ಐದಾದ್ರೂ ಬರುತ್ತೆ. ನಿಮ್ಮ ಕಿವಿಗೆ ಭೇದ ಗೊತ್ತಾಗೋದು ನಿಜ, ಸ್ವಾಮಿ. ನಿಮಗೆ ಹಿಡಿಸಿರೋದು ತಾಮ್ರ, ಅಷ್ಟೆ. ಆದರೆ ನಿಯಮ ನಿಯಮ. ಫೇಲು.”

ಎಲೆಕ್ಟ್ರಿಷಿಯನ್ ಅಂದಿನಿಂದ ಅವನಿಗೆ ನಮಸ್ಕಾರ ಹಾಕತೊಡಗಿದ. ಭೇದ ಇದೆ ಎಂದು ಅವನೂ ಒಪ್ಪಿಬಿಟ್ಟಿದ್ದ. ಅದನ್ನು ಇನ್ನು ನಂಬಲಾರದವನು ಆ ಕಟ್ಟಡದಲ್ಲಿ ಕಿವಿರಾಯನೊಬ್ಬನೇ.

ಮಧ್ಯಾಹ್ನದೊಳಗೆ ಹೊಲಿಗೆ ಮೆಷಿನ್ನು ಕೋಣೆಗೆ ಬಂತು, ಕುರ್ಚಿ ಓಣಿಗೆ ಹೋಯಿತು. ಎಲ್ಲರೂ ಹೊರಟ ಮೇಲೆ ಹೆಂಡತಿ ಅವನ ಬಳಿ ಬಂದು, ಗಲ್ಲ ಹಿಡಿದು ಮುಖ ಬಲಕ್ಕೆ ತಿರುಗಿಸಿದಳು. ಎಡಗುತ್ತಿಗೆಯ ಮೇಲೆ ಒರಟು ಹತ್ತಿ ಉಜ್ಜಿದ ಕೆಂಪು ಗೀರು ಉದ್ದಕ್ಕೆ ಎದ್ದಿತ್ತು. ಅವಳು ಅದನ್ನು ಬೆರಳಿನಿಂದ ಒಮ್ಮೆ ಸವರಿದಳು. ಬೈಯಲಿಲ್ಲ. ಒಳಗೆ ಹೋಗಿ ಹೊಲಿಗೆಯ ಚಿಂದಿಗಳ ದೊಡ್ಡ ಗಂಟನ್ನು ತಂದು ಅವನ ತೊಡೆಯ ಮೇಲಿಟ್ಟಳು.

“ಹತ್ತೀದು ಬೇರೆ, ನೈಲಾನಿಂದು ಬೇರೆ ಮಾಡಿಕೊಡಿ,” ಎಂದಳು. “ದೀಪ ಹಾಕೋದು ಬೇಡ ಅಲ್ವಾ?”