ಹದಿನೇಳನೆಯ ಪ್ರಶ್ನೆಗೆ ನಾನು ಅತ್ತ ಬಗ್ಗೆ

ಎಲ್ಲಿ ನಗಬೇಕು, ಎಲ್ಲಿ ಅಳಬೇಕು ಎಂಬುದನ್ನು ನಮ್ಮಂಥ ಅಲ್ಪಮತಿಗಳ ಪರವಾಗಿ ತೀರ್ಮಾನಿಸುವ ಭಾರ ಹೊತ್ತಿರುವ, ಕೊರಿಯನ್ ಭಾಷಾ ಪ್ರಶ್ನೆಪತ್ರಿಕೆ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ದೇಗು ನಗರದ ತಮ್ಮ ಮಾಧ್ಯಮಿಕ ಶಾಲೆಯಲ್ಲಿ ಎರಡನೇ ವರ್ಷ ಓದುತ್ತಿರುವ ಹೇರಿನ್‌ಳ ತಾಯಿಯಾದ ನಾನು, ನೆಟ್ಟಗೆ ನಿದ್ದೆ ಮಾಡಿ ಹನ್ನೊಂದು ದಿನವಾಗಿರುವುದರಿಂದ ಅಕ್ಷರ ಸೊಟ್ಟಗಾಗಿದ್ದರೆ ಮೊದಲೇ ಕ್ಷಮೆ ಕೋರಿ, ಆಕ್ಷೇಪಣೆ ಸಲ್ಲಿಸಲು ತಾವು ಉದಾರವಾಗಿ ಕೊಟ್ಟ ಮೂರು ದಿನಗಳಲ್ಲಿ ಕೊನೆಯದಾದ ಇಂದು ಇದನ್ನು ಬರೆದು, ಒಂದು ಪ್ರತಿಯನ್ನು ಶಾಲೆಯ ಗೇಟಿಗೂ ಅಂಟಿಸುತ್ತಿದ್ದೇನೆ.

ಪಠ್ಯದಲ್ಲಿರುವ ಆ ಮುನ್ನೂರು ವರ್ಷದ ಹಳೆಯ ಕಾದಂಬರಿಯಲ್ಲಿ, ಮಗಳನ್ನು ದೋಣಿ ಹತ್ತಿಸಿದ ವಿಧವೆ ತಾಯಿ, ಬುತ್ತಿ ಕೊಡಲು ಮರೆತದ್ದು ನೆನಪಾಗಿ ಒಂದೇ ಕಾಲಿಗೆ ಹುಲ್ಲಿನ ಚಪ್ಪಲಿ ಸಿಕ್ಕಿಸಿಕೊಂಡು ದಡದುದ್ದಕ್ಕೂ ಓಡಿ, ಕೆಸರಿನಲ್ಲಿ ಬಿದ್ದು, ಬಿದ್ದಲ್ಲಿಂದಲೇ "ಮುಳ್ಳು ನೋಡ್ಕೊಂಡು ಮೀನು ತಿನ್ನೇ!" ಎಂದು ಕೂಗುತ್ತಾಳೆ. ಇದು ಓದುಗರಲ್ಲಿ ಮೂಡಿಸುವ ಭಾವ ಯಾವುದು ಎಂಬ ಹದಿನೇಳನೆಯ ಪ್ರಶ್ನೆಗೆ ನನ್ನ ಮಗಳು ನಾಲ್ಕನೆಯ ಆಯ್ಕೆಯಾದ 'ದುಃಖ'ವನ್ನು ಗುರುತು ಮಾಡಿದಳು. ತಮ್ಮ ಉತ್ತರ ಎರಡನೆಯದು: 'ತಾಯಿಯ ಪೆದ್ದುತನದಿಂದ ಹುಟ್ಟುವ ಹಾಸ್ಯ'. ನಾಲ್ಕು ಅಂಕ ಹೋಗಿ ಅವಳು ಎಂಬತ್ತೆಂಟಕ್ಕೆ ನಿಂತಿದ್ದಾಳೆ; ಅವಳು ಆಸೆಪಟ್ಟಿರುವ ಪ್ರೌಢಶಾಲೆಯವರು ತೊಂಬತ್ತಕ್ಕಿಂತ ಕೆಳಗಿನವರ ಅರ್ಜಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಕಾಲೇಜು ಓದಿದವಳೆಂಬ ಜಂಬದಲ್ಲಿ ಅವಳ ಪುಸ್ತಕದ ಪಾತ್ರಗಳಿಗೆ ಗುಲಾಬಿ ಬಣ್ಣ, ಆಶಯಕ್ಕೆ ಹಸಿರು ಬಳಿದು, ತಾಯಿ ಎಂದರೆ ತ್ಯಾಗ, ಚಪ್ಪಲಿ ಎಂದರೆ ಬಡತನ, ಮೀನು ಎಂದರೆ ವಾತ್ಸಲ್ಯ ಎಂದು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳು ನಾನು. "ಅಮ್ಮಾ, ಇದು ಸ್ವಲ್ಪ ತಮಾಷೆಯಾಗಿಲ್ವಾ?" ಎಂದು ಮಗಳು ಕಿಸಕ್ಕೆಂದಾಗ, "ತಮಾಷೆಯಂತೆ ತಮಾಷೆ! ಬಾಯ್ಮುಚ್ಕೊಂಡು ದುಃಖ ಅಂತ ಬರ್ಕೋ" ಎಂದು ಗದರಿದವಳೂ ನಾನೇ. ಫಲಿತಾಂಶ ಬಂದು ಎರಡು ದಿನವಾಯಿತು. ಈ ಎರಡು ದಿನದಲ್ಲಿ ಅವಳು ನನ್ನೊಡನೆ ಆಡಿದ್ದು ಒಂದೇ ಮಾತು: "ನಾನು ನಗ್ತಾ ಇದ್ದೆ, ನೀನು ಬಿಡ್ಲಿಲ್ಲ."

ಆದರೂ ನನ್ನ ಬಳಿ ಒಂದು ಬಲವಾದ ಪುರಾವೆ ಇದೆ. ಪರೀಕ್ಷೆಯ ದಿನ ಮೆತ್ತನೆಯ ಚಪ್ಪಲಿ ತೊಟ್ಟು, ಸೆಂಟು ಹಾಕಿಕೊಳ್ಳದೆ, ಕೋಣೆಯ ಹಿಂಬದಿ ಗೋಡೆಯಂತೆ ನಿಂತು ಮೇಲ್ವಿಚಾರಣೆ ಮಾಡಲು ತಾವು ಕರೆಸಿದ ತಾಯಂದಿರಲ್ಲಿ ನಾನೂ ಇದ್ದೆ. ಮಗಳ ಕೋಣೆಯಲ್ಲಲ್ಲ, ನಿಯಮದಂತೆ ಬೇರೆ ಕೋಣೆಯಲ್ಲಿ. ಅಲ್ಲಿ ಮೇಜಿನ ಮೇಲೆ ಉಳಿದಿದ್ದ ಪ್ರಶ್ನೆಪತ್ರಿಕೆಯಲ್ಲಿ ಆ ದೋಣಿಯ ಪ್ರಸಂಗ ಓದಿ ನಾನು ಗೊಳೋ ಎಂದು ಅತ್ತದ್ದನ್ನು, ತಿರುಗಿ ನೋಡಿದ ಇಪ್ಪತ್ತಾರು ಮಕ್ಕಳೂ, ನನ್ನನ್ನು ಮೊಣಕೈ ಹಿಡಿದು ಹೊರಗೆ ಬಿಟ್ಟ ಮೇಷ್ಟರೂ ಕಂಡಿದ್ದಾರೆ. ಹೊರಗೆ ನಿಂತಿದ್ದ ಇನ್ನೊಬ್ಬ ತಾಯಿ "ಏನ್ರೀ ಹೇರಿನ್ ಅಮ್ಮ, ಪರೀಕ್ಷೆ ಮಕ್ಕಳದ್ದೋ ನಿಮ್ದೋ?" ಎಂದು ಕೇಳಿದ್ದೂ ದಾಖಲಾಗಲಿ. ಓದುಗರಲ್ಲಿ ಯಾವ ಭಾವ ಮೂಡುತ್ತದೆ ಎಂದು ತಾವು ಕೇಳಿದಿರಿ. ತಮ್ಮದೇ ಕೋಣೆಯಲ್ಲಿ ಓದುಗರೊಬ್ಬರಲ್ಲಿ ಅದು ಮೂಡಿತು. ತಾವು ಅದಕ್ಕೆ ಕೊಟ್ಟ ಬಹುಮಾನ, ಇನ್ನು ಮುಂದೆ ಮೇಲ್ವಿಚಾರಣೆಗೆ ಬರಬೇಡಿ ಎಂಬ ಸಂದೇಶ.

ಆದ್ದರಿಂದ ನಾಲ್ಕನೆಯ ಉತ್ತರವನ್ನೂ ಸರಿಯೆಂದು ಒಪ್ಪಬೇಕೆಂದು ಬೇಡುತ್ತೇನೆ. ಅದು ಸಾಧ್ಯವಿಲ್ಲವಾದರೆ, ಮುಂದಿನ ಮುದ್ರಣದಲ್ಲಿ ಆ ವಿಧವೆ ಕೆಸರಿಗೆ ಬೀಳುವಾಗ ಸಮಿತಿಯ ಅಪ್ಪಣೆಯಂತೆ ಇನ್ನಷ್ಟು ಪೆದ್ದಾಗಿ ಬೀಳುವ ಏರ್ಪಾಡು ಮಾಡಿ. ಇಲ್ಲವೇ ಮನೆಗೊಬ್ಬ ಸದಸ್ಯರನ್ನು ಕಳಿಸಿ, ನಮ್ಮ ಅಡುಗೆಮನೆಯ ಅಳುಗಳಲ್ಲಿ ಯಾವುದು ಅಸಲಿಗೆ ಹಾಸ್ಯವೆಂದು ಮುದ್ರೆ ಒತ್ತಿಸಿಕೊಡಿ. ಹೆತ್ತವರಿಗೆ ದೊಡ್ಡ ಉಪಕಾರವಾದೀತು.

ತಮ್ಮ ತೀರ್ಪು ಬರುವವರೆಗೆ ನಗದೆಯೂ ಅಳದೆಯೂ ಕಾಯುವ,
ತಮ್ಮ ವಿಶ್ವಾಸಿ,
ಪ್ಯೋ ಸಲ್ಗಿ, ಹೇರಿನ್‌ಳ ಅಮ್ಮ

ಮರೆತ ಮಾತು: ಇಂದು ಬೆಳಿಗ್ಗೆ ಮಗಳು ಬಾರ್ಲಿ ನೀರಿನ ಬಾಟಲಿ ಬಿಟ್ಟು ಹೋದಳು. ನಾನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ, ಬಸ್ಸಿನ ಪಕ್ಕದಲ್ಲೇ ಜಾರಿ ಬಿದ್ದು, ಬಿದ್ದಲ್ಲಿಂದಲೇ "ಬಿಸಿ ಇದೆ ಕಣೇ, ಊದ್ಕೊಂಡು ಕುಡಿ!" ಎಂದು ಕೂಗಿದೆ. ಬಸ್ಸಿಗೆ ಬಸ್ಸೇ ನಕ್ಕಿತು, ತಮ್ಮ ಎರಡನೆಯ ಉತ್ತರಕ್ಕೆ ಅಭಿನಂದನೆಗಳು. ನನ್ನ ಮಗಳೊಬ್ಬಳೇ ನಗಲಿಲ್ಲ. ಇಳಿದು ಬಂದು ನನ್ನ ಮೊಣಕಾಲಿನ ಮಣ್ಣು ಒರೆಸಿದಳು. ಬೇಕಿದ್ದರೆ ಅವಳ ಇನ್ನೂ ನಾಲ್ಕು ಅಂಕ ಕತ್ತರಿಸಿಕೊಳ್ಳಿ.